ಎಮ್ಮೆ ಯಾರದು?

ಬಾಗಲಕೋಟೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ ನಾನು ಸಾಲದ ಕೆಲಸ ನೋಡಿಕೊಳ್ಳುತ್ತೇನೆ. ಇಪ್ಪತ್ತು ವರ್ಷ ದಾಟಿತು. ಎಮ್ಮೆ ಸಾಲಕ್ಕೆ ಅರ್ಜಿ ಬಂದರೆ ಹಳ್ಳಿಗೆ ಹೋಗಿ ಕೊಟ್ಟಿಗೆ ನೋಡಬೇಕು. ಸಾಲ ಕೊಟ್ಟ ಮೇಲೆ ಎಮ್ಮೆ ಬಂತಾ ಅಂತ ಇನ್ನೊಮ್ಮೆ ಹೋಗಿ ನೋಡಬೇಕು. ಹೊಸದರಲ್ಲಿ ಎಷ್ಟೋ ಸಲ ಮೋಸ ಹೋಗಿದ್ದೇನೆ. ಕೊಟ್ಟಿಗೆಯಲ್ಲಿ ಎರಡು ಭರ್ಜರಿ ಎಮ್ಮೆ ನಿಂತಿರುತ್ತವೆ. ನಾನು ಸಹಿ ಹಾಕಿ, ಚಹಾ ಕುಡಿದು ಬರುತ್ತೇನೆ. ವಾರದ ಮೇಲೆ ಗೊತ್ತಾಗುತ್ತದೆ, ಅವು ಬೀಗರ ಮನೆಯವು, ನಾನು ಬರುವ ದಿನ ಬೆಳಿಗ್ಗೆ ಹೊಡೆದುಕೊಂಡು ಬಂದು ಕಟ್ಟಿದ್ದವು. ಆಗ ಹಳೆಯ ಮ್ಯಾನೇಜರ್ ಒಬ್ಬರು ಹೇಳಿಕೊಟ್ಟರು: "ತಮ್ಮಾ, ಎಮ್ಮಿ ನೋಡಬ್ಯಾಡ. ಮನಿಯಾಕಿನ್ನ ಕರದು ಒಂದ್ ಬಕೀಟ ನೀರ ಕುಡಸ್ರಿ ಅನ್ನು. ಎಮ್ಮಿ ಯಾರದು ಅಂತ ಎಮ್ಮೀನ ಹೇಳ್ತೈತಿ."

ಮಗಳಿಗೆ ಡೆಂಟಲ್ ಸೀಟು ಸಿಕ್ಕಾಗ ನಾನು ಮಾಡಿದ್ದೂ ಅದನ್ನೇ.

2023ರ ಮಾತು. ಮೇ 7ಕ್ಕೆ ನೀಟ್ ಬರೆದಳು, ಜೂನ್ ಮಧ್ಯದಲ್ಲಿ ಫಲಿತಾಂಶ ಬಂತು. ಸರ್ಕಾರಿ ಎಂಬಿಬಿಎಸ್‌ಗೆ ಆ ರ್‍ಯಾಂಕು ಸಾಲುವುದಿಲ್ಲ ಅಂತ ಅವತ್ತೇ ಗೊತ್ತಾಯಿತು. ಖಾಸಗಿ ಎಂಬಿಬಿಎಸ್ ಫೀ ನೋಡಿ ಫೋನು ಬೋರಲು ಹಾಕಿದೆ. ನಮ್ಮ ಜಿಲ್ಲೆಯ ಇಳಕಲ್ ದಾಟಿದರೆ ಕೊಪ್ಪಳ ಜಿಲ್ಲೆಯ ಕುಷ್ಟಗಿ. ಅಲ್ಲಿಯ ಮಕ್ಕಳಿಗೆ ಕಲ್ಯಾಣ ಕರ್ನಾಟಕದ 371(ಜೆ) ಮೀಸಲಾತಿ ಇದೆ, ಇತ್ತ ಕಡೆಯ ನಮಗೆ ಇಲ್ಲ. ನನ್ನ ಹೆಂಡತಿ ಒಂದು ವಾರ ಪೂರ್ತಿ ಇದನ್ನೇ ಹೇಳಿದಳು. "ನಮ್ಮಪ್ಪ ಕುಷ್ಟಗಿ ಹುಡುಗಗ ಕೊಟ್ಟಿದ್ರ ಆಗ್ತಿತ್ತು" ಅನ್ನುವಲ್ಲಿಗೂ ಹೋಯಿತು.

ಬೇಕಾದ ಕಾಲೇಜುಗಳ ಆಪ್ಷನ್ ಎಂಟ್ರಿ ಮಾಡುವಾಗ ಬಿಡಿಎಸ್, ಅಂದರೆ ಡೆಂಟಲ್ ಡಿಗ್ರಿಯ ಕಾಲೇಜುಗಳನ್ನೂ ಹಾಕಿದೆವು. ಅಣಕು ಹಂಚಿಕೆಯಲ್ಲಿ ಬಂದ ಕಾಲೇಜೇ ನಿಜವಾದ ಹಂಚಿಕೆಯಲ್ಲೂ ಬಂತು. ಖಾಸಗಿ ಕಾಲೇಜು, ಸರ್ಕಾರಿ ಕೋಟಾ ಸೀಟು. ಕಾಲೇಜಿನ ಹೆಸರು ಹೇಳುವುದಿಲ್ಲ, ಜಿಲ್ಲೆಯನ್ನೂ ಹೇಳುವುದಿಲ್ಲ. ಮನೆಯಿಂದ ಬಸ್ಸಿನಲ್ಲಿ ಅರ್ಧ ದಿನದೊಳಗಿನ ದಾರಿ ಅಂದರೆ ಸಾಕು. ಫೀ ಕಟ್ಟಿ ಸೇರುವುದೋ, ಮುಂದಿನ ಸುತ್ತಿಗೆ ಕಾಯುವುದೋ ಅಂತ ತೀರ್ಮಾನ ಮಾಡಲು ಕೆಲವೇ ದಿನ.

ಸುದ್ದಿ ಮನೆಯಿಂದ ಹೊರಗೆ ಹೋಗಿದ್ದೇ ತಡ, ಫೋನು ಶುರುವಾದವು. "ಆ ಕಾಲೇಜಾ? ಬ್ಯಾಡ್ರಿ." "ಅಲ್ಲಿ ಕಲಿಸೋರ ಇಲ್ಲಂತ." "ಫೇಲ್ ಮಾಡಿ ರೊಕ್ಕ ಹೊಡೀತಾರಂತ." "ಅಲ್ಲಿ ಓದಿದೋರಿಗೆ ಹಲ್ಲ ಕೀಳಾಕ ಬರಂಗಿಲ್ಲಂತ." ಎಲ್ಲ ಮಾತಿಗೂ ಬಾಲದಲ್ಲಿ ಒಂದು 'ಅಂತ' ಇತ್ತು.

ಸಾಲಗಾರನ ಬಗ್ಗೆ ಊರಿನಲ್ಲಿ ವಿಚಾರಿಸುವಾಗಲೂ ಹೀಗೇ ಆಗುತ್ತದೆ. ಹತ್ತು ಜನ ಒಂದೇ ಮಾತು ಹೇಳಿದರು ಅಂತ ಹತ್ತು ಸಾಕ್ಷಿ ಆಗುವುದಿಲ್ಲ. ಒಬ್ಬ ಹೇಳಿದ್ದನ್ನು ಒಂಬತ್ತು ಜನ ಕೇಳಿರುತ್ತಾರೆ, ಅಷ್ಟೇ. ಹಾಗಾಗಿ ಫೋನು ಮಾಡಿದವರಿಗೆಲ್ಲ ನಾನು ಒಂದೇ ಪ್ರಶ್ನೆ ಕೇಳಿದೆ: "ನಿಮಗ ಯಾರ್ ಹೇಳಿದ್ರು?" ಕೆಲವರಿಗೆ ಸಿಟ್ಟು ಬಂತು. ನನ್ನ ಷಡ್ಡಕರಿಗಂತೂ ಬಹಳ. ಆದರೆ ಎರಡು ದಿನದಲ್ಲಿ ಆರು ಮಾತುಗಳ ಬೇರು ಸಿಕ್ಕಿತು. ಆರರಲ್ಲಿ ನಾಲ್ಕು ಒಬ್ಬನೇ ಹುಡುಗನಿಂದ ಬಂದಿದ್ದವು. ಅವನು ಅಲ್ಲಿ ಮೊದಲ ವರ್ಷ ಮೂರು ಸಲ ಕೂತು, ಆಮೇಲೆ ಬಿಟ್ಟು ಬಂದು ಮೊಬೈಲ್ ಅಂಗಡಿ ಇಟ್ಟವನು. ಅವನನ್ನೂ ಮಾತಾಡಿಸಿದೆ. ಒಳ್ಳೆಯ ಹುಡುಗ. "ನಾ ಓದಲಿಲ್ಲ ಅಂಕಲ್, ಅದೂ ಖರೆ. ಕಾಲೇಜು ಸುಮಾರ ಐತಿ, ಅದೂ ಖರೆ" ಅಂದ. ಆರು ಜನರಲ್ಲಿ ಯಾರೂ ಇಷ್ಟು ನೇರವಾಗಿ ಹೇಳಿರಲಿಲ್ಲ.

ಐದನೆಯ ಮಾತು ಸಂಬಳದ್ದು. ಒಂದು ಕಾಲದಲ್ಲಿ ಅಲ್ಲಿನ ಮೇಷ್ಟ್ರುಗಳಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ, ಪಾಠ ನಿಂತು ಹುಡುಗರು ಗೇಟಿನ ಮುಂದೆ ಕೂತಿದ್ದರು. ಇದನ್ನು ಕಣ್ಣಾರೆ ಕಂಡವರೇ ಹೇಳಿದರು. ಆದರೆ ಅದಾಗಿ ಎಂಟು ವರ್ಷ ಆಗಿತ್ತು. ಕಾಲೇಜಿನ ಹೆಸರು ಕೆಡಲು ಒಂದು ತಿಂಗಳು ಸಾಕು, ಆ ಹೆಸರು ಹೋಗಲು ಎಂಟು ವರ್ಷವೂ ಸಾಲುವುದಿಲ್ಲ. ಆರನೆಯ ಮಾತು ನಮ್ಮ ಓಣಿಯ ದಂತವೈದ್ಯರದು. ಅದನ್ನು ನಾನು ಹಗುರವಾಗಿ ತಗೊಳ್ಳಲಿಲ್ಲ. "ಕಾಲೇಜು ಬಿಡ್ರಿ, ಮೊದಲ ಬಿಡಿಎಸ್ ಯಾಕ್ ಬೇಕು ಅಂತ ಮಗಳಿಗೆ ಕೇಳ್ರಿ" ಅಂದರು ಅವರು. ದೇಶದಲ್ಲೇ ಅತಿ ಹೆಚ್ಚು ಡೆಂಟಲ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಹೊರಬಂದ ಹುಡುಗರು ಸ್ವಂತ ಕ್ಲಿನಿಕ್ ಹಾಕುವಷ್ಟು ರೊಕ್ಕ ಇಲ್ಲದೆ, ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ಕಡಿಮೆ ಸಂಬಳಕ್ಕೆ ನಿಲ್ಲುತ್ತಾರೆ. ಇದು ಒಳ್ಳೆಯ ಕಾಲೇಜಿನವರಿಗೂ ತಪ್ಪಿದ್ದಲ್ಲ.

ಮಗಳಿಗೆ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂಬಿಬಿಎಸ್ ಸಿಗಲಿಲ್ಲ ಅಂತನ ಡೆಂಟಲ್ ಹಾಕಿದ್ದು ಅಪ್ಪಾ. ಆದ್ರ ಕೈಯಿಂದ ಮಾಡೂ ಕೆಲಸ ನನಗ ಸೇರತೈತಿ" ಅಂದಳು. ಚಿಕ್ಕವಳಿದ್ದಾಗ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದರೆ ಅದರ ಗೊರಸು, ಡುಬ್ಬ ಎಲ್ಲ ನಿಜದ ಹಾಗೆ ಇರುತ್ತಿದ್ದವು. ನನಗೆ ಅದು ನೆನಪಾಯಿತು. ಡೆಂಟಲ್ ಓದುವವರು ಮೊದಲ ವರ್ಷ ಮೇಣದ ತುಂಡು ಕೆತ್ತಿ ಒಂದೊಂದು ಹಲ್ಲಿನ ಆಕಾರ ತೆಗೆಯಬೇಕು ಅಂತ ಆಗ ನನಗೆ ಗೊತ್ತಿರಲಿಲ್ಲ.

ಹುಬ್ಬಳ್ಳಿಯ ನನ್ನ ಹೆಂಡತಿಯ ತಮ್ಮ ರ್‍ಯಾಂಕಿಂಗ್ ಪಟ್ಟಿ ಹಿಡಿದು ಬಂದ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ. ಡೆಂಟಲ್ ಕಾಲೇಜುಗಳಿಗೆ 2020ರಿಂದ ಪ್ರತ್ಯೇಕ ಪಟ್ಟಿ ಮಾಡುತ್ತಿದ್ದಾರೆ. "ಇದರಾಗ ನಿಮ್ಮ ಕಾಲೇಜು ಇಲ್ಲ ಮಾಮಾ" ಅಂದ. ನಿಜ, ಇರಲಿಲ್ಲ. ಆದರೆ ಆ ಪಟ್ಟಿಯಲ್ಲಿ ಇರುವುದೇ 40 ಹೆಸರು. ದೇಶದಲ್ಲಿರುವ ಡೆಂಟಲ್ ಕಾಲೇಜುಗಳು 300ಕ್ಕೂ ಜಾಸ್ತಿ. ಪಟ್ಟಿಯಲ್ಲಿಲ್ಲದ ಕಾಲೇಜು ನಲವತ್ತೊಂದನೆಯದೋ ಮುನ್ನೂರನೆಯದೋ, ಅದನ್ನು ಪಟ್ಟಿ ಹೇಳುವುದಿಲ್ಲ. ಅವನು ಬೇರೆ ದಾರಿ ಹಿಡಿದ. ಡಿಗ್ರಿಗೆ ಬೆಲೆ ಇದೆಯಾ ಅಂತ. ಅದಕ್ಕೆ ಉತ್ತರ ಸುಲಭವಿತ್ತು. ಕಾಲೇಜು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಆ ವಿಶ್ವವಿದ್ಯಾಲಯದ ಕಾಲೇಜುಗಳಿಗೆಲ್ಲ ಪ್ರಶ್ನೆಪತ್ರಿಕೆ ಒಂದೇ, ಪದವಿ ಒಂದೇ. ಮುಂದೆ ಡೆಂಟಲ್‌ನಲ್ಲೇ ಸ್ನಾತಕೋತ್ತರ ಪದವಿ, ಎಂಡಿಎಸ್ ಮಾಡಬೇಕಾದರೂ ಎಲ್ಲರಿಗೂ ಅದೇ ನೀಟ್ ಎಂಡಿಎಸ್. ಡೆಂಟಲ್ ಕೌನ್ಸಿಲ್‌ನ ಮಾನ್ಯತೆ ಇದೆಯಾ ಅನ್ನುವುದೊಂದನ್ನು ನಾವು ಅವತ್ತೇ ನೋಡಿಕೊಂಡೆವು. ಇತ್ತು. ಅದಿಲ್ಲದಿದ್ದರೆ ಉಳಿದ ವಿಚಾರಣೆಯೇ ಬೇಕಿರಲಿಲ್ಲ.

ಅಂದರೆ ಕಾಗದದ ಮಟ್ಟಿಗೆ ಎಲ್ಲ ಸರಿ. ಎಮ್ಮೆ ಸಾಲದಲ್ಲೂ ಕಾಗದ ಯಾವತ್ತೂ ಸರಿಯೇ ಇರುತ್ತದೆ.

ತಮಾಷೆ ಅಂದರೆ, ನಾವು ಮನೆಯಲ್ಲಿ ಹೀಗೆ ಜಗಳಾಡುತ್ತಿದ್ದ ಅದೇ ಆಗಸ್ಟಿನಲ್ಲಿ ಸಂಸತ್ತು ರಾಷ್ಟ್ರೀಯ ಡೆಂಟಲ್ ಕಮಿಷನ್ ಮಸೂದೆಗೆ ಒಪ್ಪಿಗೆ ಕೊಟ್ಟಿತು. 1948ರ ಹಳೆಯ ದಂತವೈದ್ಯರ ಕಾಯ್ದೆಯ ಜಾಗಕ್ಕೆ ಇದು. ಕಾಲೇಜುಗಳನ್ನು ಪರೀಕ್ಷಿಸಿ ರೇಟಿಂಗ್ ಕೊಡಲು ಒಂದು ಬೋರ್ಡು ಇರುತ್ತದೆ ಅಂತ ಅದರಲ್ಲಿದೆ. ಮಗಳು ಸುದ್ದಿ ಓದಿ ಹೇಳಿದಳು. ಬೋರ್ಡು ಬರುವವರೆಗೆ ಫೀ ಕಟ್ಟುವ ಕೊನೆಯ ದಿನ ಕಾಯುವುದಿಲ್ಲವಲ್ಲ. ನಾವೇ ಹೋಗಿ ನೋಡಿಬರೋಣ ಅಂದೆ.

ಒಂದು ಮಂಗಳವಾರ ನಸುಕಿನಲ್ಲಿ ನವನಗರದಿಂದ ಬಸ್ಸು ಹತ್ತಿದೆವು. ಮಗಳಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್, ನನಗೆ ಪೂರ್ತಿ ಚಾರ್ಜು. ಆ ವರ್ಷ ಮಳೆ ಕೈಕೊಟ್ಟಿತ್ತು, ದಾರಿಯುದ್ದಕ್ಕೂ ಗೇಣು ಬೆಳೆದು ನಿಂತ ಗೋವಿನಜೋಳ. ಕಾಲೇಜಿಗೆ ಮೊದಲೇ ಫೋನು ಮಾಡಿರಲಿಲ್ಲ. ಮಾಡಿದ್ದರೆ ಅಡ್ಮಿಷನ್ ಸೆಕ್ಷನ್ನಿನವರು ಎಸಿ ರೂಮಿನಲ್ಲಿ ಕೂರಿಸಿ ಬಣ್ಣದ ಪುಸ್ತಕ ಕೊಡುತ್ತಾರೆ. ನಾವು ನೇರ ಹೊರರೋಗಿ ವಿಭಾಗಕ್ಕೆ ಹೋದೆವು. ನನ್ನ ಎಡಗಡೆಯ ಕೆಳಗಿನ ದವಡೆ ಹಲ್ಲೊಂದು ಹುಳುಕು ಹಿಡಿದು, ಹುರಿಗಡಲೆ ಜಗಿಯುವಾಗ ಅರ್ಧ ಮುರಿದಿತ್ತು. ಎಂಟು ತಿಂಗಳಿಂದ ಲವಂಗ ಇಟ್ಟುಕೊಂಡೇ ದಿನ ದೂಡಿದ್ದೆ. ಚೀಟಿ ಮಾಡಿಸಿದೆ. ಮಗಳು ಅವಾಕ್ಕಾಗಿ, "ಅಪ್ಪಾ, ಇಲ್ಲೆ ಕೀಳಸ್ತೀಯೇನು?" ಅಂದಳು. "ಮತ್ತ? ನೀ ಐದ್ ವರ್ಷ ಇಲ್ಲೆ ಇರಾಕಿ. ನಾ ಒಂದ್ ಹಲ್ಲ ಕೊಡಬಾರದೇನು?"

ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಈ ಐದು ವರ್ಷದಲ್ಲಿ ಡೆಂಟಲ್ ಹುಡುಗರು ಕಲಿಯುವುದು ಪುಸ್ತಕಕ್ಕಿಂತ ಜಾಸ್ತಿ ಆ ಕುರ್ಚಿಯಲ್ಲಿ ಕೂತವರ ಬಾಯಿಂದ. ಇಷ್ಟು ಹಲ್ಲು ಕೀಳಬೇಕು, ಇಷ್ಟು ಸಿಮೆಂಟ್ ತುಂಬಬೇಕು, ಇಷ್ಟು ಜನರಿಗೆ ಹಲ್ಲಿನ ಸೆಟ್ಟು ಕಟ್ಟಬೇಕು ಅಂತ ಲೆಕ್ಕ ಇರುತ್ತದೆ. ಅದಕ್ಕೆ 'ಕೋಟಾ' ಅನ್ನುತ್ತಾರೆ. ರೋಗಿಗಳೇ ಬಾರದ ಕಾಲೇಜಿನಲ್ಲಿ ಎಷ್ಟು ಒಳ್ಳೆಯ ಪ್ರೊಫೆಸರ್ ಇದ್ದರೇನು? ಎಮ್ಮೆ ಇಲ್ಲದ ಮನೆಯಲ್ಲಿ ಹಾಲು ಹಿಂಡುವುದು ಕಲಿತ ಹಾಗೆ. ಇದನ್ನು ನನಗೆ ಹೇಳಿದ್ದು ಓಣಿಯ ದಂತವೈದ್ಯರೇ. ಬೇಡ ಅಂದವರೇ ಏನು ನೋಡಬೇಕು ಅಂತಲೂ ಹೇಳಿಕೊಟ್ಟಿದ್ದರು.

ಬೆಂಚಿನ ಮೇಲೆ ಕೂತು ಎಣಿಸಿದೆ. ಒಂಬತ್ತೂವರೆಯಿಂದ ನನ್ನ ಸರದಿ ಬರುವವರೆಗೆ ಚೀಟಿ ಮಾಡಿಸಿದವರು 140ರ ಹತ್ತಿರ ಹತ್ತಿರ. ಆದರೆ ಎಣಿಸುವುದಕ್ಕಿಂತ ಆ ಬೆಂಚಿನ ಮೇಲೆ ಯಾರಿದ್ದರು ಅನ್ನುವುದು ನನ್ನ ಮನಸ್ಸಿನಲ್ಲಿ ಉಳಿದಿದೆ. ನನ್ನ ಪಕ್ಕ ಹುನಗುಂದ ಕಡೆಯ ಒಬ್ಬ ಹೆಣ್ಣುಮಗಳು, ಜೊತೆಗೆ ಹತ್ತು ವರ್ಷದ ಮಗ. ಹುಡುಗ ನಕ್ಕರೆ ಹಲ್ಲೆಲ್ಲ ಕಂದು ಪಟ್ಟೆ. ಅಲ್ಲಿನ ಎಷ್ಟೋ ಊರಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ, ನೀರು ಕುಡಿಯುವವರಿಗೆ ಅದು ಗೊತ್ತಾಗುವುದು ಮಕ್ಕಳ ಹಲ್ಲಿನಲ್ಲಿ. "ಶಾಲ್ಯಾಗ ಎಲ್ಲಾರವೂ ಹಿಂಗ ಅದಾವ್ರಿ, ಇವಂಗೊಬ್ಬಂಗ ನಾಚಿಕಿ" ಅಂದಳು ಆಕೆ. ಎದುರಿನ ಬೆಂಚಿನಲ್ಲಿ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿನ ಒಬ್ಬ ಟ್ರ್ಯಾಕ್ಟರ್ ಡ್ರೈವರ್. ಅವನ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಗುಟ್ಕಾದ ಅಡಿಕೆ ಬಾಯೊಳಗಿನ ಚರ್ಮವನ್ನು ಗಡುಸು ಮಾಡಿಬಿಡುತ್ತದೆ. ರೊಟ್ಟಿ ತುತ್ತು ಹೋಗುವುದಿಲ್ಲ, ಅನ್ನ ಕಲಸಿ ನುಂಗುತ್ತೇನೆ ಅಂದ. ಮಗಳು ಅವನನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಿ ನಾನು ಏನೂ ಮಾತಾಡಲಿಲ್ಲ.

ಇನ್ನೂರು ಮುನ್ನೂರು ರೂಪಾಯಿ ಉಳಿಯುತ್ತದೆ ಅಂತ ಇಂಥವರು ಕಾಲೇಜಿಗೆ ಬರುತ್ತಾರೆ, ಹುಡುಗರು ಇವರ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ಇದು ನ್ಯಾಯವಾ ಅಂತ ಅವತ್ತು ಅನ್ನಿಸಿತು. ಈಗಲೂ ಅನ್ನಿಸುತ್ತದೆ. ನಾನು ನನ್ನ ಹಲ್ಲನ್ನೂ ಅದೇ ಸಾಲಿನಲ್ಲಿ ಇಟ್ಟೆ ಅನ್ನುವುದಷ್ಟೇ ನನಗಿದ್ದ ಸಮಾಧಾನ.

ನನ್ನ ಸರದಿ ಬರುವ ಮುಂಚೆ ಕ್ಯಾಂಟೀನಿಗೆ ಹೋದೆ. ಒಂದು ವಿಭಾಗದ ಬಾಗಿಲ ಪಕ್ಕದ ಬೋರ್ಡಿನಲ್ಲಿ ಐದು ಜನ ಮೇಷ್ಟ್ರುಗಳ ಹೆಸರಿತ್ತು. ಅವನ್ನು ಕೈಮೇಲೆ ಬರೆದುಕೊಂಡಿದ್ದೆ. ಚಹಾ ಮಾಡುವವನಿಗೆ ಸುಮ್ನೆ ಮಾತಿಗೆಳೆದು ಒಂದೊಂದೇ ಹೆಸರು ಕೇಳಿದೆ. "ಅವ್ರಾ? ಸಕ್ರಿ ಕಡಿಮಿ ಕುಡೀತಾರ್ರಿ." "ಮೇಡಂ ಅವರು ಬರೇ ಹಾಲ." "ಅವ್ರು ಚಹಾ ಬಿಟ್ಟಾರ, ಈಗ ಲಿಂಬು ಶರಬತ್." ಉಳಿದ ಎರಡು ಹೆಸರಿಗೆ ಅವನು ಸೌಟು ಹಿಡಿದು ಯೋಚನೆ ಮಾಡಿದ. "ಹಂತಾವ್ರ ಯಾರೂ ಇಲ್ರಿ ಇಲ್ಲಿ. ಹಾಂ, ಇನ್ಸ್‌ಪೆಕ್ಷನ್ ಟೈಮಿನಾಗ ಒಬ್ಬ ಸರ್ ಕಾರ್ ತಗೊಂಡ ಬಂದಿದ್ರು ನೋಡ್ರಿ."

ಐದರಲ್ಲಿ ಮೂರು ಮನೆಯ ಎಮ್ಮೆ, ಎರಡು ಬೀಗರ ಮನೆಯವು.

ನನಗೆ ಫೋನು ಮಾಡಿದ ಆರು ಜನರಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲ. ಕಾಲೇಜಿಗೆ ಕೆಟ್ಟ ಹೆಸರು ಬಂದಿದ್ದು ಬೇರೆಯದಕ್ಕೆ. ನಿಜವಾಗಿ ಕೇಳಬೇಕಾದ್ದು ಚಹಾದವನ ಬಾಯಲ್ಲಿತ್ತು. ಹೆಸರುವಾಸಿ ಕಾಲೇಜಿನ ಬೋರ್ಡನ್ನೂ ಹೀಗೆ ಓದಿಸಿದರೆ ಎಷ್ಟು ಹೆಸರು ಉಳಿಯುತ್ತವೋ, ನಾನು ಓದಿಸಿಲ್ಲ.

ಹಲ್ಲು ಕೀಳುವ ರೂಮಿನಲ್ಲಿ ನನಗೆ ಸಿಕ್ಕಿದ್ದು ಇಂಟರ್ನ್‌ಶಿಪ್ ಮಾಡುತ್ತಿದ್ದ ಹುಡುಗಿ. ಬಿಪಿ ನೋಡಿದಳು, ಸಕ್ಕರೆ ಕಾಯಿಲೆ ಕೇಳಿದಳು, ಎಕ್ಸ್‌ರೇ ಹಿಡಿದು ಒಳಗಿದ್ದ ಸರ್ ಹತ್ತಿರ ಹೋಗಿ ಸಹಿ ಹಾಕಿಸಿಕೊಂಡು ಬಂದಳು. ಸಾಮಾನು ಬಂದಿದ್ದು ಅಂಟಿಸಿದ ಚೀಲದಲ್ಲಿ, ನನ್ನ ಎದುರಿಗೇ ಹರಿದಳು. ಆ ಚೀಲದ ಮೇಲೊಂದು ಗುರುತು ಇರುತ್ತದೆ, ಸಾಮಾನಿನ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರದ ಉಗಿಯಲ್ಲಿ 121 ಡಿಗ್ರಿ ಬಿಸಿಗೆ ಅದರ ಬಣ್ಣ ಬದಲಾಗಿರಬೇಕು. ಬದಲಾಗಿತ್ತು. ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತಿನ ಮೇಲೆ "ತುಟಿ ದಪ್ಪ ಆದಂಗ ಅನಸ್ತೈತೇನ್ರಿ ಅಂಕಲ್?" ಅಂದಳು. ಇಲ್ಲ ಅಂದೆ. ಇನ್ನೊಂದು ಇಂಜೆಕ್ಷನ್. ಈ ಸಲ ಅರ್ಧ ತುಟಿ ನನ್ನದಲ್ಲ ಅನ್ನಿಸಿತು.

ಇಕ್ಕಳ ಹಾಕಿ ಅಲ್ಲಾಡಿಸುತ್ತಿದ್ದಂತೆ ಕಟ್ ಅಂತ ಸದ್ದು. ಹಲ್ಲಿನ ಮೇಲಿನ ಭಾಗ ಮುರಿದು ಬಂತು, ಬೇರು ಒಳಗೇ ಉಳಿಯಿತು. ಆ ಹುಡುಗಿ ಮುಚ್ಚಿಡಲಿಲ್ಲ. "ಅಂಕಲ್, ಮುರೀತು, ಸರ್‌ನ ಕರೀತೀನಿ" ಅಂತ ನನಗೇ ಹೇಳಿ ಹೋದಳು. ನಾನು ಗೋಡೆ ಗಡಿಯಾರ ನೋಡಿದೆ. ಹನ್ನೆರಡು ಇಪ್ಪತ್ತು. ಆ ಸರ್ ಬಂದು ನನ್ನ ಬಾಯಿಗೆ ಲೈಟು ತಿರುಗಿಸಿದಾಗ ಹನ್ನೆರಡು ಇಪ್ಪತ್ತನಾಲ್ಕು. ಅವರೇ ಕೂತು ಪೂರ್ತಿ ತೆಗೆದುಬಿಡಬಹುದಿತ್ತು, ಹಿಂದೆ ಅಷ್ಟು ಜನ ಕಾಯುತ್ತಿದ್ದರು. ಒಂದು ಬೇರು ಅವರು ತೆಗೆದರು. ಎರಡನೆಯದನ್ನು ಹುಡುಗಿಯ ಕೈಗೆ ಕೊಟ್ಟು, ಅವಳ ಮಣಿಕಟ್ಟು ಹಿಡಿದು ಯಾವ ಕಡೆ ತಿರುಗಿಸಬೇಕು ಅಂತ ತೋರಿಸಿದರು. ಬಂತು. ಅವಳು ಮಾಸ್ಕ್ ಒಳಗೇ ನಕ್ಕಿದ್ದು ಕಣ್ಣಿನಲ್ಲಿ ಗೊತ್ತಾಯಿತು. ಆ ಸರ್ ಸಕ್ಕರೆ ಕಡಿಮೆ ಚಹಾದವರು ಅಂತ ಆಮೇಲೆ ತಿಳಿಯಿತು.

ನನಗೆ ಬಾಯಲ್ಲಿ ಹತ್ತಿ. ಅರ್ಧ ಗಂಟೆ ಉಗುಳಬೇಡಿ, ಮಾತಾಡಬೇಡಿ ಅಂದಿದ್ದರು. ಹಾಗಾಗಿ ಮಗಳೇ ಆ ಹುಡುಗಿಯನ್ನು ಮಾತಾಡಿಸಿದಳು, ನಾನು ಕೇಳುತ್ತ ಕೂತೆ. ನಾನಾಗಿದ್ದರೆ ಕೇಳದ ಪ್ರಶ್ನೆಗಳನ್ನು ಅವಳು ಕೇಳಿದಳು. ಹಾಸ್ಟೆಲ್ ಬಾತ್‌ರೂಮಿಗೆ ಚಿಲಕ ಇದೆಯಾ, ರಾತ್ರಿ ನೀರು ಬರುತ್ತದಾ, ಫೇಲ್ ಆದರೆ ಮನೆಗೆ ಫೋನು ಮಾಡುತ್ತಾರಾ. ಹುಡುಗಿ ಬಿಚ್ಚುಮನಸ್ಸಿನಿಂದ ಹೇಳಿದಳು. ಸಾಮಾನಿನ ಕಿಟ್ ಅವರು ಹೇಳಿದ ಅಂಗಡಿಯಲ್ಲೇ ತಗೊಳ್ಳಬೇಕು, ಹೊರಗಿಗಿಂತ ದುಬಾರಿ. ಕೆಲವು ವಿಷಯಕ್ಕೆ ಪಾಠ ಮಾಡುವವರು ನಿಲ್ಲುವುದಿಲ್ಲ. ಲೈಬ್ರರಿ ಹೆಸರಿಗೆ. "ಆದ್ರ ಕೈಗೆ ಕೆಲಸ ಸಿಗ್ತೈತಿ. ನನ್ನ ಗೆಳತಿ ದೊಡ್ಡ ಹೆಸರಿನ ಕಾಲೇಜಿನಾಗ ಅದಾಳ. ಅಲ್ಲಿ ಎಂಡಿಎಸ್ ಓದೋ ಪಿಜಿಗಳು ಬಾಳ, ಕಷ್ಟದ ಕೇಸ್ ಎಲ್ಲಾ ಅವ್ರಿಗೆ ಹೋಗ್ತಾವ. ನಾ ಈ ವರ್ಷ ಕಿತ್ತಷ್ಟು ಹಲ್ಲ ಆಕಿ ನೋಡಿಲ್ಲ."

ವಾಪಸ್ ಬರುವಾಗ ಬಸ್ಸಿನಲ್ಲಿ ಅರಿವಳಿಕೆ ಇಳಿದು ದವಡೆ ನೋಯತೊಡಗಿತು. ಮಗಳು ಒಂದು ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿಕೊಂಡು ಏನೇನೋ ಬರೆಯುತ್ತಿದ್ದಳು. ಒಂದು ಕಡೆ 'ಇಬ್ಬರು ಇಲ್ಲ', 'ಕಿಟ್', 'ಲೈಬ್ರರಿ'. ಇನ್ನೊಂದು ಕಡೆ '140', 'ನಾಲ್ಕು ನಿಮಿಷ'. ಗಡಿಯಾರವನ್ನು ಅವಳೂ ನೋಡಿದ್ದಳು ಅಂತ ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಹಾಳೆ ಮಡಚಿ, "ಹೋಗ್ತೀನಿ ಅಪ್ಪಾ" ಅಂದಳು. ಬ್ಯಾಂಕಿನಲ್ಲಾದರೆ ನಾನು ಈ ಫೈಲಿಗೆ 'ಷರತ್ತಿನ ಮೇಲೆ ಮಂಜೂರು' ಅಂತ ಬರೆಯುತ್ತಿದ್ದೆ. ಇಲ್ಲಿ ಷರತ್ತು ಹಾಕುವವರು ನಾವಲ್ಲ.

ನಾವು ಕಂಡಿದ್ದರಲ್ಲಿ ಸುಳ್ಳಾಗಿದ್ದು ಕಡಿಮೆ. ಕಿಟ್ ದುಬಾರಿಯೇ ಆಯಿತು, ರಸೀದಿ ಕೇಳಿದ್ದಕ್ಕೆ ಗುಮಾಸ್ತ ಮುಖ ಗಂಟು ಹಾಕಿದ. ಎರಡನೇ ವರ್ಷ ಫಾರ್ಮಕಾಲಜಿ (ಔಷಧಶಾಸ್ತ್ರ) ಮೇಡಂ ನಡುವೆಯೇ ಬಿಟ್ಟು ಹೋದರು, ಮೂರು ತಿಂಗಳು ಪಾಠವೇ ಇಲ್ಲ. ಮಗಳು ಸೀನಿಯರ್‌ಗಳ ನೋಟ್ಸು ತಗೊಂಡು ಓದಿದಳು. ಪಾಸಾಗಲು 50 ಬೇಕು, ಅವಳಿಗೆ ಬಂದಿದ್ದು 53. ಆ ರಾತ್ರಿ ನನಗೂ ನನ್ನ ಹೆಂಡತಿಗೂ ಜಗಳವಾಯಿತು. "ಆರು ಮಂದಿ ಹೇಳಿದ್ರು, ನೀವು ಒಬ್ಬರ ಮಾತೂ ಕೇಳಲಿಲ್ಲ" ಅಂದಳು. ಎಲ್ಲರ ಮಾತನ್ನೂ ಕೇಳಿದ್ದೆ, ಬೇರು ಸಮೇತ ಕೇಳಿದ್ದೆ. ಹೇಳಲಿಲ್ಲ.

ಈಗ ಮೂರನೇ ವರ್ಷ, ಕುರ್ಚಿಯ ಪಕ್ಕ ನಿಲ್ಲಲು ಶುರುಮಾಡಿದ್ದಾಳೆ. ಹೋದ ತಿಂಗಳು ಸಂಜೆ ಫೋನು ಬಂತು. "ಅಪ್ಪಾ, ನಿಮ್ಮ ಬ್ಯಾಂಕಿಗೆ ಬರೋರೊಳಗ ಒಂದೂ ಹಲ್ಲಿಲ್ಲದವರು ಯಾರರ ಅದಾರೇನು? ಸೆಟ್ಟ ಕಟ್ಟೂದೈತಿ, ಕೋಟಾ ಮುಗೀವಲ್ದು. ಇಲ್ಲಿ ಕೀಳಸಾಕ ಬರ್ತಾರ, ಕಟ್ಟಿಸಾಕ ಯಾರೂ ಬರವಲ್ರು. ಐದಾರ ಸಲ ಬರಬೇಕಲ್ಲ, ಮುದುಕ್ರಿಗೆ ಆಗಂಗಿಲ್ಲ." ನನ್ನ ಎಣಿಕೆಯ ದಿನ ನೆನಪಾಯಿತು. 140 ತಲೆ ಎಣಿಸಿದ್ದೆ. ಯಾರು ಯಾವುದಕ್ಕೆ ಬಂದರು ಅಂತ ಎಣಿಸಿರಲಿಲ್ಲ.

ಸಾಲದ ಅರ್ಜಿ ತಂದ ಮುದುಕರಿಗೆ ಈಗ ನಾನು ಮೊದಲು "ರೊಟ್ಟಿ ತಿಂತೀರೇನ್ರಿ ಯಜ್ಜಾ?" ಅಂತ ಕೇಳುತ್ತೇನೆ. ಡೈರಿಯಲ್ಲಿ ನಾಲ್ಕು ಹೆಸರು ಆಗಿವೆ. ಒಬ್ಬರು ಮುಂದಿನ ಮಂಗಳವಾರ ಬರುತ್ತೇನೆ ಅಂದಿದ್ದಾರೆ. ಬಸ್ ಚಾರ್ಜು ನನ್ನದು.